ಪ್ರಿಂಟರ್ ಸ್ಕ್ರಿಪ್ಟ್ ಕೈಯಿಂದ ಓಡಿಸಿದರೆ ಸರಿ, ಸ್ಟಾರ್ಟಪ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತೆ: 54 ವಿಂಡೋಸ್, 4 ಉಬುಂಟು, 7 ಪ್ರಿಂಟರ್

ಶಿವಾಜಿನಗರ_ಐಟಿ (ಪುಣೆ), ಪ್ರಶ್ನೆ

ಒಟ್ಟು 58 ಕಂಪ್ಯೂಟರ್: ಪುಣೆ ಶಿವಾಜಿನಗರ 26, ಭೋಸರಿ 14, ಮುಂಬೈ ಅಂಧೇರಿ 12, ಪಣಜಿ 6. ಪಣಜಿಯ ಆರರಲ್ಲಿ ನಾಲ್ಕು ಉಬುಂಟು, ಉಳಿದವೆಲ್ಲ ವಿಂಡೋಸ್ 10 ಅಥವಾ 11. ನೆಟ್‌ವರ್ಕ್ ಪ್ರಿಂಟರ್ 7. ಆ್ಯಕ್ಟಿವ್ ಡೈರೆಕ್ಟರಿ (ಕಂಪ್ಯೂಟರ್, ಖಾತೆಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆ) ಇದೆ, ಪ್ರಿಂಟ್ ಸರ್ವರ್ (ಎಲ್ಲರ ಮುದ್ರಣವನ್ನೂ ಹಾಯಿಸುವ ನಡುವಿನ ಕಂಪ್ಯೂಟರ್) ಇಲ್ಲ. ಇಡೋ ಯೋಚನೆಯೂ ಇಲ್ಲ: ಸರ್ವರ್ ಶಿವಾಜಿನಗರದಲ್ಲಿದ್ದರೆ ಅಂಧೇರಿಯವರು ಪಕ್ಕದ ಮೇಜಿನ ಪ್ರಿಂಟರ್‌ಗೆ ಕಳಿಸಿದ ಹಾಳೆ ಶಾಖೆಗಳನ್ನು ಜೋಡಿಸುವ ವಿಪಿಎನ್ ಹಿಡಿದು ಪುಣೆಗೆ ಬಂದು ಮತ್ತೆ ಘಾಟ್ ಇಳಿದು ಹೋಗಬೇಕು.

ಅದಕ್ಕೇ ಪವರ್‌ಶೆಲ್ 5.1ರಲ್ಲಿ (ವಿಂಡೋಸಿನ ಕಮಾಂಡ್ ಭಾಷೆ) ಒಂದು ಸ್ಕ್ರಿಪ್ಟ್. ಸಿಎಸ್‌ವಿ ಕಡತದಿಂದ ಪ್ರಿಂಟರ್ ಹೆಸರು, ಐಪಿ, ಡ್ರೈವರ್ ಹೆಸರು ಓದಿ, ಆ್ಯಡ್-ಪ್ರಿಂಟರ್‌ಪೋರ್ಟ್, ಆ್ಯಡ್-ಪ್ರಿಂಟರ್‌ಡ್ರೈವರ್, ಆ್ಯಡ್-ಪ್ರಿಂಟರ್ ಈ ಮೂರನ್ನು ಸಾಲಾಗಿ ಓಡಿಸುತ್ತೆ. ಅಡ್ಮಿನ್ ಆಗಿ ನನ್ನ ಕಂಪ್ಯೂಟರ್‌ನಲ್ಲಿ ಓಡಿಸಿದರೆ ಏಳೂ ಬರುತ್ತವೆ. ಗ್ರೂಪ್ ಪಾಲಿಸಿಯ (ಎಲ್ಲ ಕಂಪ್ಯೂಟರ್‌ಗೂ ಒಟ್ಟಿಗೆ ಸೆಟ್ಟಿಂಗ್ ಕಳಿಸುವ ದಾರಿ) ಸ್ಟಾರ್ಟಪ್ ಸ್ಕ್ರಿಪ್ಟ್ ಮಾಡಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತಾನಾಗಿ ಓಡುವಂತೆ ಬಿಟ್ಟರೆ ಹೀಗೆ:

ಹೆಚ್ಚಿನ ಕಡೆ ಡ್ರೈವರ್ ಸಾಲಿನಲ್ಲಿ 0ಎಕ್ಸ್80070705 ದೋಷ. ಕೆಲವು ಕಡೆ ಪೋರ್ಟ್ ಸಾಲಿನಲ್ಲಿ 0ಎಕ್ಸ್800700ಬಿ7. ಒಂದಷ್ಟು ಕಡೆ ಸ್ಕ್ರಿಪ್ಟ್ ಓಡಿದ ಗುರುತೇ ಇಲ್ಲ, ಲಾಗ್ ಕಡತವೂ ಹುಟ್ಟಿಲ್ಲ. ಬಂದ ಕಡೆಯೂ ಭೋಸರಿಯ ಎರಡು ಪ್ರಿಂಟರ್ ಆಗಾಗ ಆಫ್‌ಲೈನ್ ಅಂತ ತೋರಿಸುತ್ತವೆ, ಹತ್ತಿರ ಹೋಗಿ ನೋಡಿದರೆ ಹಸಿರು ದೀಪ ಉರೀತಾ ಇರುತ್ತೆ.

ಇನ್ನೊಂದು. ಪುಣೆ–ಮುಂಬೈ ಓಡಾಡುವ ಲ್ಯಾಪ್‌ಟಾಪ್‌ಗಳಿವೆ. ಅಂಧೇರಿಗೆ ಹೋದಾಗ ಅಲ್ಲಿನ ಪ್ರಿಂಟರ್ ತಾನಾಗಿ ಡಿಫಾಲ್ಟ್ ಆಗಬೇಕು. ಸಾಧ್ಯವೇ?

ಧಾರವಾಡ_ಟು_ಹಡಪ್ಸರ್ (ಪುಣೆ)

ನಿಮ್ಮ ಸಾಲು ತಪ್ಪಿಲ್ಲರಿ, ಸಾಲಿನ ಹಿಂದ ಇರಬೇಕಾದ ಒಂದು ಹೆಜ್ಜೆ ಬಿಟ್ಟೇದ.

0ಎಕ್ಸ್80070705 ಅಂದ್ರ "ಈ ಹೆಸರಿನ ಡ್ರೈವರ್ ನನಗ ಗೊತ್ತಿಲ್ಲ" ಅಂತ. ಆ್ಯಡ್-ಪ್ರಿಂಟರ್‌ಡ್ರೈವರ್ ಕಡತ ತಂದು ಹಾಕೋ ಕಮಾಂಡ್ ಅಲ್ಲ. ವಿಂಡೋಸಿನ ಡ್ರೈವರ್ ಸ್ಟೋರ್‌ನ್ಯಾಗ ಮೊದಲೇ ಇರೋ ಡ್ರೈವರನ್ನ ಸ್ಪೂಲರ್‌ಗ (ಮುದ್ರಣದ ಕೆಲಸ ಸಾಲಿಗೆ ಹಚ್ಚೋ ವಿಂಡೋಸ್ ಸೇವೆ) ಪರಿಚಯ ಮಾಡಿಸ್ತದ, ಅಷ್ಟ. ನಿಮ್ಮ ಕಂಪ್ಯೂಟರ್‌ನ್ಯಾಗ ಯಾವಾಗೋ ಸೆಟಪ್ ಓಡಿಸಿ ಡ್ರೈವರ್ ಸ್ಟೋರ್ ಸೇರೇದ, ಅದಕ್ಕ ಅಲ್ಲಿ ನಡೀತದ. ಹೊಸ ಕಂಪ್ಯೂಟರ್‌ನ್ಯಾಗ ಸ್ಟೋರಿನೊಳಗ ಆ ಡ್ರೈವರ್ ಇರೂದಿಲ್ಲ.

ಕ್ರಮ ಹಿಂಗ ಇರಬೇಕು: ಮೊದಲು ಪಿಎನ್‌ಪಿಯುಟಿಲ್ /ಆ್ಯಡ್-ಡ್ರೈವರ್ (ವಿಂಡೋಸಿನ ಡ್ರೈವರ್ ಸೇರಸೋ ಕಮಾಂಡ್) ಕೊಟ್ಟು, ಡ್ರೈವರಿನ ವಿವರ ಇರೋ ಐಎನ್‌ಎಫ್ ಕಡತ ಸ್ಟೋರ್‌ಗ ಸೇರಸ್ರಿ. ಆಮ್ಯಾಲ ಆ್ಯಡ್-ಪ್ರಿಂಟರ್‌ಡ್ರೈವರ್. ಆಮ್ಯಾಲ ಪೋರ್ಟ್. ಕಡೀಕ ಆ್ಯಡ್-ಪ್ರಿಂಟರ್. ಪೋರ್ಟ್ ಇಲ್ಲದ ಪ್ರಿಂಟರ್ ಸೇರಸಾಕ ಹೋದ್ರ 0ಎಕ್ಸ್80070704 ಬರ್ತದ, ಒಂದಂಕಿ ವ್ಯತ್ಯಾಸ, ಕಾರಣ ಬ್ಯಾರೆ. ಲಾಗ್ ಓದುವಾಗ ಎರಡನ್ನೂ ಒಂದೇ ಅಂದ್ಕೋಬ್ಯಾಡ್ರಿ.

ಈಗ ಎಲ್ಲೆಲ್ಲಿ ಕೈಕೊಡ್ತದ ಅಂತ ಹೇಳ್ತೇನಿ.

ಡ್ರೈವರ್ ಹೆಸರು. ಸಿಎಸ್‌ವಿಯಾಗ ಬರೆದ ಹೆಸರು ಐಎನ್‌ಎಫ್ ಕಡತದ ಒಳಗಿನ ಮಾಡೆಲ್ ಹೆಸರಿಗೆ ಅಕ್ಷರಕ್ಕಕ್ಷರ ಕೂಡಬೇಕು. ಡಬ್ಬದ ಮ್ಯಾಲಿನ ಹೆಸರು ನಡ್ಯಾಂಗಿಲ್ಲ. ಉದಾಹರಣೆಗೆ ಎಚ್‌ಪಿಯ ಯೂನಿವರ್ಸಲ್ ಡ್ರೈವರಿನ ಹೆಸರು "ಎಚ್‌ಪಿ ಯೂನಿವರ್ಸಲ್ ಪ್ರಿಂಟಿಂಗ್ ಪಿಸಿಎಲ್ 6". ಪಿಸಿಎಲ್ ಮತ್ತು 6ರ ನಡುವಿನ ಖಾಲಿ ಜಾಗ ಬಿಟ್ರೂ ಅದೇ 705. ಸುಲಭದ ದಾರಿ: ಪ್ರಿಂಟರ್ ಸರಿಯಾಗಿ ನಡೆಯೋ ಕಂಪ್ಯೂಟರ್‌ನ್ಯಾಗ ಗೆಟ್-ಪ್ರಿಂಟರ್‌ಡ್ರೈವರ್ ಓಡಿಸಿ ಅಲ್ಲಿಂದ ಹೆಸರು ಕಾಪಿ ಮಾಡ್ರಿ, ಕೈಲೆ ಹೊಡೀಬ್ಯಾಡ್ರಿ.

ಡ್ರೈವರ್ ಪ್ಯಾಕೇಜು. ಕಂಪನಿ ಕೊಡೋ ಇಎಕ್ಸ್‌ಇ ಕಡತ 7-ಜಿಪ್‌ನಿಂದ ಬಿಚ್ಚಿದ್ರ ಐಎನ್‌ಎಫ್, ಕ್ಯಾಟ್ (ಡಿಜಿಟಲ್ ಸಹಿ ಇರೋ ಕಡತ), ಡಿಎಲ್‌ಎಲ್ ಎಲ್ಲಾ ಸಿಗ್ತಾವ. ಇಡೀ ಫೋಲ್ಡರ್ ಇಡಬೇಕು. ಐಎನ್‌ಎಫ್ ಒಂದನ್ನ ಎತ್ಕೊಂಡು ಹೋದ್ರ ಉಳಿದ ಕಡತ ಸಿಗೂದಿಲ್ಲ, ಕ್ಯಾಟ್ ಇಲ್ಲದಿದ್ರ ಸಹಿ ತಾಳೆ ಆಗೂದಿಲ್ಲ. ಇನ್ನ ಸಹಿ ಮಾಡಿದ ಕಂಪನಿ ಆ ಕಂಪ್ಯೂಟರ್‌ನ ಟ್ರಸ್ಟೆಡ್ ಪಬ್ಲಿಷರ್ಸ್ ಪಟ್ಟ್ಯಾಗ ಇಲ್ಲಂದ್ರ ಕೆಲವು ಡ್ರೈವರ್ "ಇದನ್ನು ನಂಬಬಹುದೇ" ಅಂತ ಕಿಟಕಿ ತೆರೀತಾವ. ಸ್ಟಾರ್ಟಪ್ ಹೊತ್ತಿನಾಗ ಆ ಕಿಟಕಿಗೆ ಹೂಂ ಅನ್ನಾಕ ಯಾರೂ ಇರೂದಿಲ್ಲ, ಕೆಲಸ ಅಲ್ಲೇ ಬಿತ್ತು. ಕ್ಯಾಟ್ ಕಡತದಿಂದ ಸರ್ಟಿಫಿಕೇಟ್ ಎಕ್ಸ್‌ಪೋರ್ಟ್ ಮಾಡಿ, ಸರ್ಟ್‌ಯುಟಿಲ್ -ಆ್ಯಡ್‌ಸ್ಟೋರ್ ಟ್ರಸ್ಟೆಡ್‌ಪಬ್ಲಿಷರ್ ಕೊಟ್ಟು ಮೊದಲೇ ಸೇರಸಿಬಿಡ್ರಿ. ಪಿಎನ್‌ಪಿಯುಟಿಲ್ ಯಾಕ ಬಿತ್ತು ಅಂತ ತಿಳೀಬೇಕಂದ್ರ ವಿಂಡೋಸ್ ಫೋಲ್ಡರಿನ ಐಎನ್‌ಎಫ್ ಒಳಗ ಸೆಟಪ್‌ಎಪಿಐ.ಡೆವ್.ಲಾಗ್ ಅದ, ಕೆಳಗಿಂದ ಮ್ಯಾಲಕ್ಕ ಓದ್ರಿ.

ಮತ್ತೊಂದು ಸಣ್ಣದು, ಆದ್ರ ತಾಸುಗಟ್ಟಲೆ ತಿನ್ನೋದು. ಭಾಳ ಮಂದಿ ಪಿಎನ್‌ಪಿಯುಟಿಲ್‌ಗ /ಇನ್‌ಸ್ಟಾಲ್ ಸೇರಸಿ ಬರೀತಾರ, ಕೆಳಗ "ಎಕ್ಸಿಟ್ ಕೋಡ್ 0 ಅಲ್ಲಂದ್ರ ನಿಲ್ಲು" ಅಂತ ಹಾಕಿರ್ತಾರ. ನೆಟ್‌ವರ್ಕ್ ಪ್ರಿಂಟರ್ ಯುಎಸ್‌ಬಿಗೆ ಚುಚ್ಚಿಲ್ಲ, ಹಂಗಾಗಿ ಡ್ರೈವರ್‌ಗೆ ಹೊಂದೋ ಡಿವೈಸ್ ಇಲ್ಲ, ಪಿಎನ್‌ಪಿಯುಟಿಲ್ 259 ಹೇಳ್ತದ. ಡ್ರೈವರ್ ಸ್ಟೋರ್ ಸೇರಿರ್ತದ, ಸ್ಕ್ರಿಪ್ಟ್ ಮಾತ್ರ ಸೋತೆ ಅಂತ ಕೂತ್ಬಿಡ್ತದ. /ಇನ್‌ಸ್ಟಾಲ್ ಬೇಕಾಗೇ ಇಲ್ಲ, ತೆಗೀರಿ. 3010 ಬಂದ್ರೂ ಸೋಲಲ್ಲ, ರೀಸ್ಟಾರ್ಟ್ ಬೇಕು ಅಂತ ಅರ್ಥ.

ಲಾಗೇ ಹುಟ್ಟದ ಕಂಪ್ಯೂಟರ್‌ಗಳು. ಸ್ಟಾರ್ಟಪ್ ಸ್ಕ್ರಿಪ್ಟ್ ಸಿಸ್ಟಮ್ ಖಾತೆಯಾಗ (ವಿಂಡೋಸಿನ ಸ್ವಂತ ಖಾತೆ) ಓಡ್ತದ. ಶೇರ್‌ಗೆ (ನೆಟ್‌ವರ್ಕಿನ್ಯಾಗ ಹಂಚಿದ ಫೋಲ್ಡರ್) ಹೋಗುವಾಗ ಅದು ನಿಮ್ಮ ಹೆಸರಿನ್ಯಾಗ ಹೋಗೂದಿಲ್ಲ, ಆ ಕಂಪ್ಯೂಟರಿನ ಖಾತೆಯ ಹೆಸರಿನ್ಯಾಗ ಹೋಗ್ತದ. ಡ್ರೈವರ್ ಇಟ್ಟ ಶೇರ್‌ನ್ಯಾಗ "ಡೊಮೈನ್ ಕಂಪ್ಯೂಟರ್ಸ್" ಗುಂಪಿಗೆ ಓದೋ ಹಕ್ಕು ಕೊಡ್ರಿ, ಶೇರ್ ಪರ್ಮಿಶನ್ ಮತ್ತ ಎನ್‌ಟಿಎಫ್‌ಎಸ್ (ಡಿಸ್ಕಿನ ಫೋಲ್ಡರ್ ಹಕ್ಕು) ಎರಡರಾಗೂ. ಒಂದರಾಗ ಕೊಟ್ಟು ಇನ್ನೊಂದು ಮರೆತ್ರ ಕೊಟ್ಟಾಂಗಲ್ಲ. ಡ್ರೈವರ್ ಫೋಲ್ಡರ್ ಸಿಸ್‌ವಾಲ್‌ನ್ಯಾಗ (ಪಾಲಿಸಿ, ಸ್ಕ್ರಿಪ್ಟ್ ಇಡೋ ಡೊಮೈನಿನ ಶೇರ್) ಇಡಬ್ಯಾಡ್ರಿ, ಅದು ಆ್ಯಕ್ಟಿವ್ ಡೈರೆಕ್ಟರಿ ನಡೆಸೋ ಎಲ್ಲಾ ಡೊಮೈನ್ ಕಂಟ್ರೋಲರ್‌ಗೂ ನಕಲಾಗ್ತದ. ಶಾಖೆಗೊಂದು ಶೇರ್ ಇಟ್ಟು ಸ್ಕ್ರಿಪ್ಟ್ ಮಾತ್ರ ಸಿಸ್‌ವಾಲ್‌ನ್ಯಾಗ ಇಡ್ರಿ.

ಅಷ್ಟಾದ್ರೂ ಓಡಲಿಲ್ಲಂದ್ರ ಫಾಸ್ಟ್ ಸ್ಟಾರ್ಟಪ್ ನೋಡ್ರಿ. ಶಟ್‌ಡೌನ್ ಮಾಡಿ ಮರುದಿನ ಆನ್ ಮಾಡಿದ್ರ ವಿಂಡೋಸ್ ಅರ್ಧ ಹೈಬರ್ನೇಟ್‌ನಿಂದ ಎದ್ದಿರ್ತದ, ಅದು ಪೂರ್ತಿ ಬೂಟ್ ಅಲ್ಲ, ಸ್ಟಾರ್ಟಪ್ ಸ್ಕ್ರಿಪ್ಟ್ ತಪ್ಪಬಹುದು. ರೀಸ್ಟಾರ್ಟ್ ಕೊಟ್ರ ಓಡ್ತದ. ಹೈಬರ್‌ಬೂಟ್‌ಎನೇಬಲ್ಡ್ ಅನ್ನೋ ರಿಜಿಸ್ಟ್ರಿ ಮೌಲ್ಯ 0 ಮಾಡಿ ಪಾಲಿಸಿಯಿಂದಲೇ ಕಳಸ್ರಿ.

(ಇಲ್ಲಿನ ಕಮಾಂಡ್ ಕನ್ನಡ ಲಿಪಿಯಾಗ ಅದಾವ. ಹೊಡೆಯುವಾಗ ಇಂಗ್ಲಿಷ್ ಅಕ್ಷರದಾಗ ಹೊಡೀರಿ, ಕಾಪಿ-ಪೇಸ್ಟ್ ಮಾಡಿ "ನಡೀಲಿಲ್ಲ" ಅಂತ ಬರಬ್ಯಾಡ್ರಿ.)

ಟೋನರ್_ತಿಮ್ಮ

ಇಷ್ಟೆಲ್ಲ ಯಾಕೆ? ಪಾಯಿಂಟ್ ಆ್ಯಂಡ್ ಪ್ರಿಂಟ್ (ಪ್ರಿಂಟ್ ಸರ್ವರ್‌ನಿಂದ ಡ್ರೈವರ್ ಪಡೆಯುವ ವ್ಯವಸ್ಥೆ) ಪಾಲಿಸಿಯಲ್ಲಿ ರಿಸ್ಟ್ರಿಕ್ಟ್‌ಡ್ರೈವರ್‌ಇನ್‌ಸ್ಟಾಲೇಶನ್‌ಟುಅಡ್ಮಿನಿಸ್ಟ್ರೇಟರ್ಸ್ 0 ಮಾಡಿ, ಬಳಕೆದಾರರೇ ಹಾಕಿಕೊಳ್ಳಲಿ.

ಡೊಂಬಿವಲಿ_ಫಾಸ್ಟ್ (ಮುಂಬೈ)

ತಿಮ್ಮಣ್ಣ, ಅದು ಬೇಡ ಮಾರಾಯ್ರೆ. 2021ರ ಜುಲೈಯಲ್ಲಿ ಪ್ರಿಂಟ್‌ನೈಟ್‌ಮೇರ್ ಅಂತ ಬಂತಲ್ಲ, ಸಿವಿಇ-2021-34527, ಸ್ಪೂಲರ್ ಮೂಲಕ ಲಾಗಿನ್ ಇರುವ ಯಾರು ಬೇಕಾದರೂ ಸಿಸ್ಟಮ್ ಹಕ್ಕಿನಲ್ಲಿ ತಮ್ಮ ಕೋಡ್ ಓಡಿಸುವ ತೂತು. ಅದೇ ಸರಣಿಯ ಮುಂದುವರಿಕೆಯಾಗಿ ಆ ಆಗಸ್ಟಿನ ಅಪ್‌ಡೇಟಿನಿಂದ ಪ್ರಿಂಟರ್ ಡ್ರೈವರ್ ಹಾಕಲಿಕ್ಕೆ ಅಡ್ಮಿನ್ ಹಕ್ಕು ಬೇಕೇ ಬೇಕು ಅಂತ ಆದದ್ದು. ನೀವು ಹೇಳುವ ಆ ಒಂದು ಮೌಲ್ಯ ಹಾಕಿದ ಬೀಗವನ್ನು ತೆಗೆಯುತ್ತದೆ. ಇಲ್ಲಿ ಅದರ ಅಗತ್ಯವೂ ಇಲ್ಲ: ಸ್ಕ್ರಿಪ್ಟ್ ಸಿಸ್ಟಮ್ ಖಾತೆಯಲ್ಲಿ ಓಡುತ್ತದೆ, ಪ್ರಿಂಟ್ ಸರ್ವರೂ ಇಲ್ಲ.

ಇನ್ನು ಪ್ರಶ್ನೆಯ ಉಳಿದ ಭಾಗಕ್ಕೆ ಬರುತ್ತೇನೆ. ಧಾರವಾಡದವರು ಡ್ರೈವರ್ ಮುಗಿಸಿದ್ದಾರೆ, ನನ್ನದು ಪೋರ್ಟ್.

0ಎಕ್ಸ್800700ಬಿ7 ಅಂದರೆ ಆ ಹೆಸರಿನ ಪೋರ್ಟ್ ಆಗಲೇ ಉಂಟು. ಮೊದಲ ಸಲ ಸ್ಕ್ರಿಪ್ಟ್ ಡ್ರೈವರಿನಲ್ಲಿ ಬಿದ್ದಿದೆ, ಆದರೆ ಪೋರ್ಟ್ ಅದಕ್ಕೂ ಮೊದಲೇ ಆಗಿ ಹೋಗಿದೆ. ಎರಡನೇ ಬೂಟಿನಲ್ಲಿ ಪೋರ್ಟ್ ಸಾಲೇ ಎಡವುತ್ತದೆ. ಸ್ಟಾರ್ಟಪ್ ಸ್ಕ್ರಿಪ್ಟ್ ಪ್ರತಿ ಬೂಟಿಗೂ ಓಡುವಂಥದ್ದು, ಆದ್ದರಿಂದ ಪ್ರತಿ ಹೆಜ್ಜೆಗೂ "ಇದೆಯಾ? ಇದ್ದರೆ ಸರಿಯಾಗಿದೆಯಾ? ಇಲ್ಲದಿದ್ದರೆ ಮಾತ್ರ ಮಾಡು" ಅಂತ ಇರಬೇಕು. ಗೆಟ್-ಪ್ರಿಂಟರ್‌ಪೋರ್ಟ್ ಓಡಿಸಿ, ಎರರ್‌ಆ್ಯಕ್ಷನ್‌ಗೆ ಸೈಲೆಂಟ್ಲಿಕಂಟಿನ್ಯೂ ಕೊಡಿ, ಉತ್ತರ ಖಾಲಿ ಬಂದರೆ ಮಾತ್ರ ಆ್ಯಡ್.

"ಇದ್ದರೆ ಸರಿಯಾಗಿದೆಯಾ" ಎನ್ನುವಲ್ಲಿ ಒಂದು ಸಿಕ್ಕು. ಪೋರ್ಟಿನ ಐಪಿ ಬದಲಿಸಲಿಕ್ಕೆ ಸೆಟ್-ಪ್ರಿಂಟರ್‌ಪೋರ್ಟ್ ಅಂತ ಕಮಾಂಡೇ ಇಲ್ಲ. ಹೊಸ ಪೋರ್ಟ್ ಮಾಡಬೇಕು, ಸೆಟ್-ಪ್ರಿಂಟರ್‌ಗೆ -ಪೋರ್ಟ್‌ನೇಮ್ ಕೊಟ್ಟು ಪ್ರಿಂಟರನ್ನು ಅದಕ್ಕೆ ತಿರುಗಿಸಬೇಕು, ಆಮೇಲೆ ರಿಮೂವ್-ಪ್ರಿಂಟರ್‌ಪೋರ್ಟ್‌ನಿಂದ ಹಳೆಯದನ್ನು ತೆಗೆಯಬೇಕು. ತೆಗೆಯುವಾಗ "ಬಳಕೆಯಲ್ಲಿದೆ" ಅಂತ ಹಟ ಮಾಡಿದರೆ ಸ್ಪೂಲರ್ ಇನ್ನೂ ಅದನ್ನು ಹಿಡಿದುಕೊಂಡಿದೆ ಅಂತ. ರೀಸ್ಟಾರ್ಟ್-ಸರ್ವೀಸ್ ಸ್ಪೂಲರ್ ಕೊಟ್ಟು ಮತ್ತೆ ತೆಗೆಯಿರಿ. ಸಾಲಿನಲ್ಲಿ ಕಾಯುತ್ತಿರುವ ಕೆಲಸ ಇದ್ದರೆ ಅದನ್ನು ಮುಗಿಸಿಯೇ ಕೈ ಹಾಕಿ.

ಇದನ್ನೆಲ್ಲ ತಪ್ಪಿಸುವ ಉಪಾಯ: ಪೋರ್ಟಿಗೆ ಐಪಿಯ ಹೆಸರು ಇಡಬೇಡಿ. ಎಲ್ಲರೂ "ಐಪಿ_10.20.1.50" ಅಂತ ಇಡುತ್ತಾರೆ, ವಿಳಾಸ ಬದಲಾದ ದಿನ ಹೆಸರೇ ಸುಳ್ಳು ಹೇಳುತ್ತದೆ. ಪೋರ್ಟಿನ ಹೆಸರು "ಅಂಧೇರಿ-1" ಇರಲಿ, -ಪ್ರಿಂಟರ್‌ಹೋಸ್ಟ್‌ಅಡ್ರೆಸ್ ಎಂಬಲ್ಲಿ ಐಪಿ ಬದಲು ಡಿಎನ್‌ಎಸ್ ಹೆಸರು ಕೊಡಿ. ಅದನ್ನು ಸ್ವೀಕರಿಸುತ್ತದೆ. ನಾಳೆ ಪ್ರಿಂಟರ್ ಬದಲಾದರೆ ಡಿಎನ್‌ಎಸ್‌ನಲ್ಲಿ ಒಂದು ಸಾಲು ತಿದ್ದಿದರಾಯಿತು, 54 ಕಂಪ್ಯೂಟರ್ ಮುಟ್ಟುವುದು ಬೇಡ. ಜೊತೆಗೆ ಡಿಎಚ್‌ಸಿಪಿಯಲ್ಲಿ (ಐಪಿ ವಿಳಾಸ ಹಂಚುವ ಸೇವೆ) ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ ರಿಸರ್ವೇಶನ್ ಹಾಕಿ. ಪ್ರಿಂಟರಿನ ಪ್ಯಾನೆಲ್ಲಿನಲ್ಲಿ ಸ್ಟ್ಯಾಟಿಕ್ ಐಪಿ ಹೊಡೆಯುವುದಕ್ಕಿಂತ ಇದು ಒಳ್ಳೆಯದು. ಸರ್ವೀಸಿನವರು ಬಂದು ಫ್ಯಾಕ್ಟರಿ ರೀಸೆಟ್ ಕೊಟ್ಟರೂ ಅದೇ ವಿಳಾಸಕ್ಕೆ ವಾಪಸು ಬರುತ್ತದೆ. ಭೋಸರಿ ಕಡೆ ಗುರುವಾರ ಕರೆಂಟ್ ಹೋಗಿ ಬರುವುದು ಉಂಟಲ್ಲ, ರೌಟರ್ ಮತ್ತು ಪ್ರಿಂಟರ್ ಒಟ್ಟಿಗೆ ಎದ್ದಾಗ ರಿಸರ್ವೇಶನ್ ಇಲ್ಲದಿದ್ದರೆ ವಿಳಾಸ ಅದಲುಬದಲಾಗುವುದು ಆವಾಗಲೇ.

ಹಸಿರು ದೀಪದ ಆಫ್‌ಲೈನ್ ಬಗ್ಗೆ. ಕೈಯಿಂದ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಮಾಡಿದರೆ ವಿಂಡೋಸ್ ಎಸ್‌ಎನ್‌ಎಂಪಿ (ಯಂತ್ರದ ಸ್ಥಿತಿ ವಿಚಾರಿಸುವ ವಿಧಾನ) ಸ್ಟೇಟಸ್ ಆನ್ ಮಾಡಿ ಇಡುತ್ತದೆ. ಪ್ರಿಂಟ್ ಹೋಗುವುದು ಟಿಸಿಪಿ 9100ರಲ್ಲಿ, "ಬದುಕಿದ್ದೀಯಾ" ಅಂತ ಕೇಳುವುದು ಯುಡಿಪಿ 161ರಲ್ಲಿ. ಪ್ರಿಂಟರಿನಲ್ಲಿ ಎಸ್‌ಎನ್‌ಎಂಪಿ ಮುಚ್ಚಿದ್ದರೆ, ಕಮ್ಯುನಿಟಿ ಹೆಸರು (ಅದರ ಗುಪ್ತಪದದಂಥದ್ದು) ಪಬ್ಲಿಕ್ ಅಲ್ಲದಿದ್ದರೆ, ನಡುವಿನ ಫೈರ್‌ವಾಲ್ 161 ಬಿಡದಿದ್ದರೆ ಉತ್ತರ ಬರುವುದಿಲ್ಲ, ವಿಂಡೋಸ್ ಆಫ್‌ಲೈನ್ ಅನ್ನುತ್ತದೆ. 9100 ತೆರೆದೇ ಇರುತ್ತದೆ. ಆ್ಯಡ್-ಪ್ರಿಂಟರ್‌ಪೋರ್ಟ್‌ನಲ್ಲಿ -ಎಸ್‌ಎನ್‌ಎಂಪಿ ಕೊಡದಿದ್ದರೆ ಅದು ಆಫ್ ಇರುತ್ತದೆ, ಹಾಗಾಗಿ ಭೋಸರಿಯ ಆ ಎರಡು ಪೋರ್ಟು ಸ್ಕ್ರಿಪ್ಟಿಗೆ ಮೊದಲೇ ಯಾರೋ ಕೈಯಿಂದ ಮಾಡಿದ್ದಿರಬೇಕು. ನೋಡುವ ಜಾಗ: ಎಚ್‌ಕೆಎಲ್‌ಎಂ\ಸಿಸ್ಟಮ್\ಕರೆಂಟ್‌ಕಂಟ್ರೋಲ್‌ಸೆಟ್\ಕಂಟ್ರೋಲ್\ಪ್ರಿಂಟ್\ಮಾನಿಟರ್ಸ್\ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್\ಪೋರ್ಟ್ಸ್, ಅದರೊಳಗೆ ಪೋರ್ಟಿನ ಹೆಸರು, ಅದರೊಳಗೆ "ಎಸ್‌ಎನ್‌ಎಂಪಿ ಎನೇಬಲ್ಡ್". 0 ಮಾಡಿ ಸ್ಪೂಲರ್ ರೀಸ್ಟಾರ್ಟ್ ಕೊಡಿ.

ಆ ಕಂಪ್ಯೂಟರ್‌ಗಳಲ್ಲಿ ಗೆಟ್-ಪ್ರಿಂಟರ್ ಓಡಿಸಿ ಪೋರ್ಟಿನ ಹೆಸರೂ ನೋಡಿ. "ಡಬ್ಲ್ಯುಎಸ್‌ಡಿ" ಅಂತ ಶುರುವಾದರೆ ಅದು ಬೇರೆ ರೋಗ: ವಿಂಡೋಸ್ ತಾನೇ ಪ್ರಿಂಟರನ್ನು ಹುಡುಕಿ ಸೇರಿಸಿಕೊಂಡದ್ದು. ಅದನ್ನು ಅಳಿಸಿ, ಪ್ರಿಂಟರಿನ ವೆಬ್ ಪುಟದಲ್ಲಿ ಡಬ್ಲ್ಯುಎಸ್‌ಡಿಯನ್ನೇ ಆಫ್ ಮಾಡಿ. ಇಲ್ಲದಿದ್ದರೆ "ಕಾಪಿ 1" ಬಾಲದ ಪ್ರಿಂಟರ್ ಮತ್ತೆ ಹುಟ್ಟಿಕೊಳ್ಳುತ್ತದೆ.

ಪರೀಕ್ಷೆಗೆ ಟೆಸ್ಟ್-ನೆಟ್‌ಕನೆಕ್ಷನ್‌ಗೆ -ಪೋರ್ಟ್ 9100 ಕೊಡಿ, ಪಿಂಗ್ ನಂಬಬೇಡಿ. ಮತ್ತು 9100ಕ್ಕೆ ಬ್ರೌಸರಿನಲ್ಲಿ ಹೋಗಿ ನೋಡುವ ಕುತೂಹಲ ಬೇಡ. ಆ ಪೋರ್ಟು ಏನು ಬಂದರೂ ಕಾಗದಕ್ಕೆ ಇಳಿಸುತ್ತದೆ, ಎಚ್‌ಟಿಟಿಪಿ ಹೆಡರ್ ಅಚ್ಚಾಗಿ ಹೊರಬರುತ್ತದೆ.

ಶಿವಾಜಿನಗರ_ಐಟಿ

ಇಬ್ಬರಿಗೂ ಧನ್ಯವಾದ. ಪಿಎನ್‌ಪಿಯುಟಿಲ್ ಸಾಲು ಸೇರಿಸಿದೆ, ಶೇರ್‌ಗೆ ಡೊಮೈನ್ ಕಂಪ್ಯೂಟರ್ಸ್ ಕೊಟ್ಟೆ. ಡೆಸ್ಕ್‌ಟಾಪ್‌ಗಳೆಲ್ಲ ಸರಿಯಾದವು. ಭೋಸರಿಯ ಪೋರ್ಟ್ ಒಂದು ಎಸ್‌ಎನ್‌ಎಂಪಿ, ಇನ್ನೊಂದು ಡಬ್ಲ್ಯುಎಸ್‌ಡಿ. ಲ್ಯಾಪ್‌ಟಾಪ್ ಇನ್ನೂ ಹಾಗೇ ಇವೆ, ಸ್ಕ್ರಿಪ್ಟ್ ಒಳಗೆ ಶೇರ್ ಸಿಗಲಿಲ್ಲ ಅಂತ ಬರುತ್ತೆ.

ಮತ್ತೆ ಎರಡು. ಸಿಎಸ್‌ವಿಯಲ್ಲಿ ಪ್ರಿಂಟರ್ ಹೆಸರನ್ನು ಕನ್ನಡ, ಮರಾಠಿಯಲ್ಲಿ ಇಟ್ಟಿದ್ದೆ, ಜನಕ್ಕೆ ಅನುಕೂಲ ಅಂತ. ಅವು ಚಿತ್ರವಿಚಿತ್ರ ಗುರುತಾಗಿ ಬಂದಿವೆ. ಇನ್ನೊಂದು, ಏ4 ಮತ್ತು ಎರಡೂ ಬದಿ ಮುದ್ರಣ ಸೆಟ್-ಪ್ರಿಂಟ್‌ಕಾನ್ಫಿಗರೇಶನ್‌ನಲ್ಲಿ ಹಾಕಿದರೂ ಒಂದು ಮಾಡೆಲ್ ಮಾತ್ರ ಒಂದೇ ಬದಿ ಹೊಡೀತಿದೆ.

ಡೊಂಬಿವಲಿ_ಫಾಸ್ಟ್ (ಮುಂಬೈ)

ಲ್ಯಾಪ್‌ಟಾಪ್: ಸ್ಟಾರ್ಟಪ್ ಸ್ಕ್ರಿಪ್ಟ್ ಓಡುವಾಗ ವೈ-ಫೈ ಇನ್ನೂ ಸೇರಿರುವುದಿಲ್ಲ. "ನೆಟ್‌ವರ್ಕ್‌ಗೆ ಕಾಯಿರಿ" ಎಂಬ ಪಾಲಿಸಿ ತಂತಿ ಇರುವಲ್ಲಿ ಕೆಲಸಕ್ಕೆ ಬರುತ್ತದೆ, ಲಾಗಿನ್ ಆದ ಮೇಲೆ ಸೇರುವ ವೈ-ಫೈಗೆ ಏನೂ ಮಾಡಲಿಕ್ಕಿಲ್ಲ. ಲ್ಯಾಪ್‌ಟಾಪಿಗೆ ಸ್ಟಾರ್ಟಪ್ ಬಿಡಿ, ಶೆಡ್ಯೂಲ್ಡ್ ಟಾಸ್ಕ್ ಮಾಡಿ. ಟ್ರಿಗರ್: ಮೈಕ್ರೋಸಾಫ್ಟ್-ವಿಂಡೋಸ್-ನೆಟ್‌ವರ್ಕ್‌ಪ್ರೊಫೈಲ್/ಆಪರೇಷನಲ್ ಲಾಗಿನ ಈವೆಂಟ್ 10000. ಯಾವುದಾದರೂ ನೆಟ್‌ವರ್ಕಿಗೆ ಸೇರಿದ ಕೂಡಲೇ ಅದು ಲಾಗಿನಲ್ಲಿ ದಾಖಲಾಗುತ್ತದೆ.

ಟಾಸ್ಕ್ ಎರಡು ಬೇಕು, ಒಂದರಲ್ಲಿ ಆಗುವುದಿಲ್ಲ. ಮೊದಲನೆಯದು ಸಿಸ್ಟಮ್ ಖಾತೆಯಲ್ಲಿ: ಏಳೂ ಪ್ರಿಂಟರನ್ನು ಸೇರಿಸುವುದು. ಟಿಸಿಪಿ/ಐಪಿ ಪ್ರಿಂಟರ್ ಕಂಪ್ಯೂಟರಿನ ಮಟ್ಟದ್ದು, ಒಮ್ಮೆ ಸೇರಿಸಿದರೆ ಎಲ್ಲ ಬಳಕೆದಾರರಿಗೂ ಕಾಣುತ್ತದೆ. ಎರಡನೆಯದು ಲಾಗಿನ್ ಆದವರ ಖಾತೆಯಲ್ಲಿ: ಡಿಫಾಲ್ಟ್ ಬದಲಿಸುವುದು. ಡಿಫಾಲ್ಟ್ ಎಂಬುದು ಬಳಕೆದಾರರ ಮಟ್ಟದ್ದು, ಸಿಸ್ಟಮ್ ಖಾತೆಯಲ್ಲಿ ಎಷ್ಟು ಸಲ ಹಾಕಿದರೂ ಅದು ಸಿಸ್ಟಮ್ ಖಾತೆಯ ಡಿಫಾಲ್ಟೇ ಆಗುತ್ತದೆ. ಬೇರೆಯವರ ಬ್ಯಾಂಕ್ ಖಾತೆಗೆ ಹಾಕಿದ ಹಣದ ಹಾಗೆ, ನಿಮ್ಮ ಖಾತೆಗೆ ಬರಲಿಕ್ಕಿಲ್ಲ.

ಎರಡನೆಯದರಲ್ಲಿ ಹೀಗೆ: ಗೆಟ್-ನೆಟ್‌ಐಪಿಕಾನ್ಫಿಗರೇಶನ್‌ನಿಂದ ಗೇಟ್‌ವೇ ತೆಗೆಯಿರಿ. ಶಿವಾಜಿನಗರ 10.20.1, ಭೋಸರಿ 10.20.2, ಅಂಧೇರಿ 10.30.1, ಪಣಜಿ 10.40.1 ಅಂತ ಇಟ್ಟರೆ ಮೊದಲ ಮೂರು ಅಂಕಿ ನೋಡಿದರೆ ಸಾಕು. ವೈ-ಫೈ ಹೆಸರು ನೋಡಬೇಡಿ, ತಂತಿ ಚುಚ್ಚಿದಾಗ ಅದು ಇರುವುದಿಲ್ಲ. ಯಾವುದಕ್ಕೂ ಹೊಂದದಿದ್ದರೆ ಏನೂ ಮಾಡದೆ ಹೊರಗೆ ಬನ್ನಿ, ಏಕೆಂದರೆ ಮನೆಯ ವೈ-ಫೈ ಸೇರಿದರೂ 10000 ದಾಖಲಾಗುತ್ತದೆ. ಹೊಂದಿದರೆ ವಿನ್32_ಪ್ರಿಂಟರ್‌ನಿಂದ ಆ ಹೆಸರಿನದ್ದನ್ನು ಗೆಟ್-ಸಿಐಎಂಇನ್‌ಸ್ಟೆನ್ಸ್ ಮೂಲಕ ತಂದು, ಇನ್ವೋಕ್-ಸಿಐಎಂಮೆಥಡ್‌ಗೆ ಸೆಟ್‌ಡಿಫಾಲ್ಟ್‌ಪ್ರಿಂಟರ್ ಕೊಡಿ. ಪ್ರಿಂಟ್‌ಮ್ಯಾನೇಜ್‌ಮೆಂಟ್ ಮಾಡ್ಯೂಲಿನಲ್ಲಿ ಡಿಫಾಲ್ಟ್ ಹಾಕುವ ಕಮಾಂಡ್ ಇಲ್ಲ, ಹುಡುಕಿ ಸಮಯ ಹಾಳು ಮಾಡಬೇಡಿ. ಅದಕ್ಕೂ ಮೊದಲು ಎಚ್‌ಕೆಸಿಯು ಕೆಳಗೆ ಸಾಫ್ಟ್‌ವೇರ್\ಮೈಕ್ರೋಸಾಫ್ಟ್\ವಿಂಡೋಸ್ ಎನ್‌ಟಿ\ಕರೆಂಟ್‌ವರ್ಷನ್\ವಿಂಡೋಸ್ ಎಂಬಲ್ಲಿ ಲೆಗಸಿಡಿಫಾಲ್ಟ್‌ಪ್ರಿಂಟರ್‌ಮೋಡ್ 1 ಮಾಡಿ. ಮಾಡದಿದ್ದರೆ ಕಡೆಗೆ ಬಳಸಿದ ಪ್ರಿಂಟರನ್ನೇ ವಿಂಡೋಸ್ ಡಿಫಾಲ್ಟ್ ಮಾಡಿಕೊಂಡು ಹೋಗುತ್ತದೆ, ಪಿಡಿಎಫ್‌ಗೆ ಒಮ್ಮೆ ಪ್ರಿಂಟ್ ಕೊಟ್ಟರೆ ನಿಮ್ಮ ಕೆಲಸ ನೀರಿನಲ್ಲಿ ಹೋಮ.

ಧಾರವಾಡ_ಟು_ಹಡಪ್ಸರ್ (ಪುಣೆ)

ಕನ್ನಡ ಹೆಸರಿಂದು ಸುಲಭ ಅದ. ಇಂಪೋರ್ಟ್-ಸಿಎಸ್‌ವಿಗೆ -ಎನ್‌ಕೋಡಿಂಗ್ ಯುಟಿಎಫ್8 ಕೊಡ್ರಿ. ಸ್ಕ್ರಿಪ್ಟಿನ ಒಳಗೂ ಕನ್ನಡ ಅಕ್ಷರ ಇದ್ರ ಸ್ಕ್ರಿಪ್ಟ್ ಕಡತವನ್ನ "ಯುಟಿಎಫ್-8 ವಿತ್ ಬಾಮ್" ಅಂತ ಉಳಸ್ರಿ. ಬಾಮ್ ಅಂದ್ರ ಕಡತದ ಮೊದಲಿಗೆ ಎನ್‌ಕೋಡಿಂಗ್ ಯಾವುದಂತ ಹೇಳೋ ಗುರುತು. 5.1 ಬಾಮ್ ಇಲ್ಲದ ಸ್ಕ್ರಿಪ್ಟ್ ಕಡತವನ್ನ ಹಳೇ ಆನ್ಸಿ (ಯುನಿಕೋಡ್ ಅಲ್ಲದ ಎನ್‌ಕೋಡಿಂಗ್) ಅಂದ್ಕೊಂಡು ಓದ್ತದ. ಪವರ್‌ಶೆಲ್ 7 ಹಂಗ ಮಾಡೂದಿಲ್ಲ. ಆದ್ರ ನನ್ನ ಅಭಿಪ್ರಾಯ ಕೇಳಿದ್ರ ಪ್ರಿಂಟರ್ ಹೆಸರು ಇಂಗ್ಲಿಷಿನ್ಯಾಗ ಇಟ್ಟು, ಕನ್ನಡ–ಮರಾಠಿ ಹೆಸರನ್ನ ಸೆಟ್-ಪ್ರಿಂಟರಿನ -ಕಾಮೆಂಟ್, -ಲೊಕೇಶನ್‌ನ್ಯಾಗ ಹಾಕ್ರಿ. ಹಳೇ ಲೆಕ್ಕದ ಸಾಫ್ಟ್‌ವೇರ್ ಕೆಲವು ಯುನಿಕೋಡ್ ಹೆಸರಿನ ಪ್ರಿಂಟರ್ ಕಂಡ್ರ ಬಾಯಿ ಬಿಡ್ತಾವ.

ಎರಡು ಬದಿ ಹೊಡೀದ ಮಾಡೆಲ್: ಪ್ರಿಂಟರ್ ಪ್ರಾಪರ್ಟೀಸಿನ್ಯಾಗ ಡಿವೈಸ್ ಸೆಟ್ಟಿಂಗ್ಸ್ ತೆರೀರಿ. ಅಲ್ಲಿ ಡುಪ್ಲೆಕ್ಸ್ (ಎರಡೂ ಬದಿ ಮುದ್ರಣದ) ಯುನಿಟ್ "ಇಲ್ಲ" ಅಂತ ಇರ್ತದ. ಯೂನಿವರ್ಸಲ್ ಡ್ರೈವರ್‌ಗೆ ತನ್ನ ಮುಂದಿನ ಪ್ರಿಂಟರಿನ್ಯಾಗ ಏನೇನದ ಅಂತ ಗೊತ್ತಿರೂದಿಲ್ಲ, ಕೇಳಿ ತಿಳ್ಕೋಬೇಕು. ಉತ್ತರ ಸಿಗಲಿಲ್ಲಂದ್ರ "ಇಲ್ಲ" ಅಂತನೇ ಇಟ್ಕೋತದ. ಯುನಿಟ್ಟೇ ಇಲ್ಲ ಅಂದಮ್ಯಾಲ ಟೂಸೈಡೆಡ್‌ಲಾಂಗ್‌ಎಡ್ಜ್ ಅಂತ ಹೇಳಿದ್ರ ಅದು ಕಿವಿಗೆ ಹಾಕ್ಕೊಳ್ಳೂದಿಲ್ಲ. ಗೆಟ್-ಪ್ರಿಂಟರ್‌ಪ್ರಾಪರ್ಟಿ ಓಡಸ್ರಿ, "ಕಾನ್ಫಿಗ್:" ಅಂತ ಶುರುವಾಗೋ ಹೆಸರು ಬರ್ತಾವ, ಅದರಾಗ ಡುಪ್ಲೆಕ್ಸಿನ ಹೆಸರು ಹಿಡಿದು ಸೆಟ್-ಪ್ರಿಂಟರ್‌ಪ್ರಾಪರ್ಟಿಯಿಂದ ಬದಲಸ್ರಿ.

ಕೆಲವು ಡ್ರೈವರ್ ಅಲ್ಲೂ ಏನೂ ತೋರಸೂದಿಲ್ಲ. ಅವಕ್ಕ ಹಳೇ ಮದ್ದು: ಒಂದು ಕಂಪ್ಯೂಟರ್‌ನ್ಯಾಗ ಎಲ್ಲಾ ಕೈಲೆ ಸರಿ ಮಾಡಿ, ರನ್‌ಡಿಎಲ್‌ಎಲ್32 ಪ್ರಿಂಟ್‌ಯುಐ.ಡಿಎಲ್‌ಎಲ್,ಪ್ರಿಂಟ್‌ಯುಐಎಂಟ್ರಿ ಜೊತಿ /ಎಸ್‌ಎಸ್ ಕೊಟ್ಟು ಸೆಟ್ಟಿಂಗ್ ಒಂದು ಕಡತಕ್ಕ ಇಳಸ್ಕೋರಿ. ಉಳಿದ ಕಡೆ /ಎಸ್‌ಆರ್ ಕೊಟ್ಟು ಏರಸ್ರಿ, ಕಡೀಕ ಡಿ ಮತ್ತ ಜಿ ಅಕ್ಷರ ಹಾಕಿದ್ರ ಡಿವೈಸ್ ಮಾಹಿತಿ, ಎಲ್ಲರ ಡಿಫಾಲ್ಟ್ ಎರಡೂ ಹೋಗ್ತಾವ. ಎರಡೂ ಕಡೆ ಡ್ರೈವರ್ ಅದೇ ಆವೃತ್ತಿ ಇರಬೇಕು. ಮತ್ತ, ಈಗಾಗಲೇ ತನ್ನ ಇಷ್ಟದ ಸೆಟ್ಟಿಂಗ್ ಉಳಿಸಿಕೊಂಡ ಬಳಕೆದಾರಗ ಇದು ತಟ್ಟೂದಿಲ್ಲ, ಅವರದು ಅವರ ಹತ್ರನೇ ಇರ್ತದ.

ಏ4 ಮಾತ್ರ ಎಲ್ಲಾ ಪ್ರಿಂಟರ್‌ಗೂ ತಪ್ಪದ ಹಾಕ್ರಿ. ಡ್ರೈವರ್ ಲೆಟರ್ ಹಾಳೆ ಅಂದ್ಕೊಂಡು ಕೂತ್ರ, ಟ್ರೇ ತುಂಬ ಏ4 ಇದ್ರೂ "ಲೆಟರ್ ಹಾಕಿ" ಅಂತ ಪ್ಯಾನೆಲ್ ಕಿರಿಚ್ತಿರ್ತದ, ಮಂದಿ ಸ್ಕ್ರಿಪ್ಟಿಗೆ ಬೈತಾರ.

ಮಾಂಡೊವಿ_ದಂಡೆ (ಪಣಜಿ)

ನಾಲ್ಕು ಉಬುಂಟು ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು. ಇಲ್ಲಿ ಕೆಲಸ ಒಂದೇ ಸಾಲು:

ಎಲ್‌ಪಿಅಡ್ಮಿನ್ -ಪಿ ಪಣಜಿ1 -ಇ -ವಿ ಐಪಿಪಿ://10.40.1.50/ಐಪಿಪಿ/ಪ್ರಿಂಟ್ -ಎಂ ಎವ್ರಿವೇರ್

ಆ -ಇ (ದೊಡ್ಡಕ್ಷರ) ಇರುವ ಜಾಗ ನೋಡಿಕೊಳ್ಳಿ. -ಪಿ ಮತ್ತು ಹೆಸರಿನ ನಂತರ ಬಂದರೆ "ಈ ಪ್ರಿಂಟರನ್ನು ಚಾಲೂ ಮಾಡು" ಎಂದರ್ಥ. ಮೊದಲೇ ಬಂದರೆ "ಸರ್ವರ್ ಜೊತೆ ಎನ್‌ಕ್ರಿಪ್ಟ್ ಮಾಡಿ ಮಾತಾಡು" ಎಂದರ್ಥ. ಜಾಗ ತಪ್ಪಿದರೆ ದೋಷ ಬರುವುದಿಲ್ಲ, ಪ್ರಿಂಟರ್ ಸೇರುತ್ತದೆ, ಆದರೆ ನಿಂತಿರುತ್ತದೆ.

-ಎಂ ಎವ್ರಿವೇರ್ ಅಂದರೆ ಕಪ್ಸ್ (ಉಬುಂಟುವಿನ ಮುದ್ರಣ ವ್ಯವಸ್ಥೆ) ಆ ಕ್ಷಣವೇ ಪ್ರಿಂಟರನ್ನು ಕೇಳಿ ಹಾಳೆಯ ಗಾತ್ರ, ಡುಪ್ಲೆಕ್ಸ್, ಬಣ್ಣ ಎಲ್ಲ ತಿಳಿದುಕೊಳ್ಳುತ್ತದೆ. ಡ್ರೈವರ್ ಬೇಡ. ಆದರೆ ಆ ಹೊತ್ತಿಗೆ ಪ್ರಿಂಟರ್ ಆನ್ ಇರಲೇಬೇಕು, ಐಪಿಪಿ (ಪ್ರಿಂಟರಿನೊಡನೆ ಮಾತಾಡುವ ಸಾಮಾನ್ಯ ನೆಟ್‌ವರ್ಕ್ ವಿಧಾನ, ಟಿಸಿಪಿ 631) ತೆರೆದಿರಬೇಕು. ಬೂಟ್ ಹೊತ್ತಿನಲ್ಲಿ ಓಡಿಸಬೇಡಿ, ಬೆಳಿಗ್ಗೆ ಕಂಪ್ಯೂಟರ್ ಮೊದಲು ಆನ್ ಆಗಿ ಪ್ರಿಂಟರ್ ಆಮೇಲೆ ಆನ್ ಆದರೆ ಸಾಲು ಬೀಳುತ್ತದೆ. ನಾಲ್ಕೇ ಕಂಪ್ಯೂಟರ್, ಎಸ್‌ಎಸ್‌ಎಚ್‌ನಿಂದ ಒಮ್ಮೆ ಓಡಿಸಿದರೆ ಮುಗಿಯಿತು. ಓಡಿಸುವ ಬಳಕೆದಾರ ಎಲ್‌ಪಿಅಡ್ಮಿನ್ ಗುಂಪಿನಲ್ಲಿರಬೇಕು, ಇಲ್ಲದಿದ್ದರೆ ಸುಡೊ.

ಏ4ಕ್ಕೆ -ಒ ಪೇಜ್‌ಸೈಜ್=ಏ4, ಎರಡು ಬದಿಗೆ -ಒ ಡುಪ್ಲೆಕ್ಸ್=ಡುಪ್ಲೆಕ್ಸ್‌ನೋಟಂಬಲ್. ಆ ಪ್ರಿಂಟರಿಗೆ ಯಾವ ಆಯ್ಕೆಗಳಿವೆ ಎಂದು ಎಲ್‌ಪಿಆಪ್ಷನ್ಸ್ -ಪಿ ಪಣಜಿ1 -ಎಲ್ ತೋರಿಸುತ್ತದೆ. ಇದರ ಜೊತೆ -ಒ ಪ್ರಿಂಟರ್-ಎರರ್-ಪಾಲಿಸಿ=ರೀಟ್ರೈ-ಜಾಬ್ ಸೇರಿಸಿ. ಪಾಲಿಸಿ ಸ್ಟಾಪ್-ಪ್ರಿಂಟರ್ ಇದ್ದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಒಂದು ಕೆಲಸ ಅರ್ಧಕ್ಕೆ ನಿಂತರೆ ಇಡೀ ಸಾಲು (ಕ್ಯೂ) ನಿಂತುಬಿಡುತ್ತದೆ, ಯಾರಾದರೂ ಕಪ್ಸ್‌ಎನೇಬಲ್ ಕೊಡುವವರೆಗೆ. ಒಂದೇ ಪ್ರಿಂಟರ್ ಎರಡು ಹೆಸರಲ್ಲಿ ಕಂಡರೆ ಕಪ್ಸ್-ಬ್ರೌಸ್ಡ್ ತಾನಾಗಿ ಸೇರಿಸಿದ್ದು. ಆ ಸೇವೆಯನ್ನು ಸಿಸ್ಟಮ್‌ಸಿಟಿಎಲ್‌ನಿಂದ ಡಿಸೇಬಲ್ ಮಾಡಬಹುದು.

ವಿಂಡೋಸ್‌ನವರಿಗೂ ಒಂದು ಮಾತು. ತಯಾರಕರ ಪ್ರಿಂಟರ್ ಡ್ರೈವರ್‌ಗಳನ್ನು ಹಂತಹಂತವಾಗಿ ಬಿಟ್ಟು ಐಪಿಪಿ ಕಡೆ ಹೋಗುತ್ತೇವೆ ಎಂದು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲೇ ಹೇಳಿದೆ. ವಿಂಡೋಸ್ 11ರ 24ಎಚ್2ರಲ್ಲಿ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಇದೆ. ಅದನ್ನು ಯಾರಾದರೂ ಆನ್ ಮಾಡಿದರೆ ಮೇಲಿನ ಪಿಎನ್‌ಪಿಯುಟಿಲ್ ಕತೆಯೆಲ್ಲ ಅಲ್ಲಿಗೆ ಮುಗಿಯಿತು: ತಯಾರಕರ ಡ್ರೈವರ್ ಮೇಲೆ ನಿಂತ ಪ್ರಿಂಟರ್‌ಗಳು ಹೋಗುತ್ತವೆ, ಮಾಪ್ರಿಯಾ (ತಯಾರಕರ ಡ್ರೈವರ್ ಇಲ್ಲದೆ ಮುದ್ರಿಸುವ ಪ್ರಿಂಟರ್‌ಗಳಿಗೆ ಪ್ರಮಾಣಪತ್ರ ಕೊಡುವ ಒಕ್ಕೂಟ) ಪ್ರಮಾಣಿತ ಪ್ರಿಂಟರ್ ಮಾತ್ರ ನಡೆಯುತ್ತವೆ. ಮುಂದಿನ ಪ್ರಿಂಟರ್ ಕೊಳ್ಳುವಾಗ ಮಾಪ್ರಿಯಾ ಇದೆಯೇ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಟೋನರ್_ತಿಮ್ಮ

ಸರಿ, ಆ 0 ಮಾತು ವಾಪಸ್. ಆದರೂ ಪ್ರಿಂಟ್ ಸರ್ವರ್ ಇಟ್ಟರೆ ವಿಪಿಎನ್ ಸುತ್ತು ಅನ್ನೋದು ಪೂರ್ತಿ ನಿಜ ಅಲ್ಲ. ಸೆಟ್-ಪ್ರಿಂಟರ್‌ನಲ್ಲಿ -ರೆಂಡರಿಂಗ್‌ಮೋಡ್ ಬ್ರಾಂಚ್‌ಆಫೀಸ್ ಇದೆ, ಸರ್ವರ್ 2012ರಿಂದ. ಪ್ರಿಂಟರ್ ಸಾಲು (ಕ್ಯೂ) ಸರ್ವರ್‌ನಲ್ಲಿ ಕಾಣುತ್ತೆ, ಮುದ್ರಣ ಮಾತ್ರ ಕಂಪ್ಯೂಟರಿಂದ ನೇರ ಪ್ರಿಂಟರಿಗೆ ಹೋಗುತ್ತೆ.

ಡೊಂಬಿವಲಿ_ಫಾಸ್ಟ್ (ಮುಂಬೈ)

ಅದು ಹೌದು, ಒಪ್ಪಿದೆ. ಇನ್ನೂರು ಕಂಪ್ಯೂಟರ್ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಏಳು ಪ್ರಿಂಟರಿಗೆ ಒಂದು ಸರ್ವರ್ ಸಾಕುವುದಕ್ಕಿಂತ ಒಂದು ಸಿಎಸ್‌ವಿ ಸಾಕುವುದು ಸುಲಭ.

ಶಿವಾಜಿನಗರ_ಐಟಿ

ಈವೆಂಟ್ 10000 ಟಾಸ್ಕ್ ಎರಡೂ ಹಾಕಿದೆ, ಡಿಫಾಲ್ಟ್ ಬದಲಾಗ್ತಿದೆ. ಡುಪ್ಲೆಕ್ಸ್ ಆ ಮಾಡೆಲ್‌ಗೆ ಕಾನ್ಫಿಗ್ ಸಾಲು ಏನೂ ಬರಲಿಲ್ಲ, /ಎಸ್‌ಆರ್ ದಾರಿಯಲ್ಲೇ ಆಯ್ತು. ಒಂದು ಸಂಶಯ: ಸ್ಕ್ರಿಪ್ಟನ್ನು ಮುಂದೆ ಇಂಟ್ಯೂನ್‌ನಿಂದ (ಮೈಕ್ರೋಸಾಫ್ಟಿನ ಕ್ಲೌಡ್ ನಿರ್ವಹಣಾ ಸೇವೆ) ಕಳಿಸಬೇಕಾದರೆ ಏನಾದರೂ ಬದಲಿಸಬೇಕಾ?

ಧಾರವಾಡ_ಟು_ಹಡಪ್ಸರ್ (ಪುಣೆ)

ಒಂದೇ. ಇಂಟ್ಯೂನ್ ಏನೂ ಹೇಳದಿದ್ರ ಸ್ಕ್ರಿಪ್ಟನ್ನ 32 ಬಿಟ್ ಪವರ್‌ಶೆಲ್‌ನ್ಯಾಗ ಓಡಸ್ತದ. ಅಲ್ಲಿಂದ ಸಿಸ್ಟಮ್32 ಅಂದ್ರ ಸಿಸ್‌ವಾವ್64ಗೆ ಹೊಳ್ಳತದ, ಆ ಫೋಲ್ಡರ್‌ನ್ಯಾಗ ಪಿಎನ್‌ಪಿಯುಟಿಲ್ ಸಿಗೂದಿಲ್ಲ. "64 ಬಿಟ್‌ನಲ್ಲಿ ಓಡಿಸು" ಅನ್ನೋ ಆಯ್ಕೆ ಹೌದು ಮಾಡ್ರಿ, ವಿನ್32 ಆ್ಯಪ್ ಆಗಿ ಕಳಸಿದ್ರ ಪಿಎನ್‌ಪಿಯುಟಿಲ್‌ನ ದಾರಿ ವಿಂಡೋಸ್\ಸಿಸ್‌ನೇಟಿವ್ ಅಂತ ಬರೀರಿ. ಸಿಸ್‌ನೇಟಿವ್ 32 ಬಿಟ್‌ನಿಂದ ಮಾತ್ರ ಕಾಣತದ, 64ರಾಗ ಅದೇ ದಾರಿ ಕೊಟ್ರ ಕಡತ ಇಲ್ಲ ಅಂತದ. ಅದಕ್ಕ ಮೊದಲು ಟೆಸ್ಟ್-ಪಾತ್ ಹಾಕಿ ನೋಡ್ರಿ.